ಸೋಲಾರ್ ಸೇಡು

ಫೋನಿನಲ್ಲಿ ದೀಕ್ಷಿತ್‌ನ ದನಿ ಕೇಳಿದ ಕೂಡಲೇ ಮೋಕ್ಷಿತಾಳಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಪ್ರೀತಿಯಿಂದಲ್ಲ. ಸೇಡು ತೀರಿಸಿಕೊಳ್ಳುವ ದಾರಿ ತಾನಾಗಿಯೇ ಕೈಗೆ ಸಿಕ್ಕ ಖುಷಿಯಿಂದ.

"ಚೇರಂಬಾಣೆಯ ನಮ್ಮ ಮನೆಗೆ, ಈಗ ಹೋಮ್‌ಸ್ಟೇ ಮಾಡಿದ್ದೇವೆ, ಸೋಲಾರ್ ಹಾಕಿಸ್ಬೇಕಿತ್ತು," ಎಂದ ಅವನು.

"ಖಂಡಿತ ಸಾರ್. ಬಂದು ನೋಡ್ತೇವೆ ಸಾರ್."

ಎರಡು ಸಾರ್‌ಗಳನ್ನೂ ಅವಳು ಚೆನ್ನಾಗಿ ಮಸೆದೇ ಎಸೆದಿದ್ದಳು. ಅತ್ತ ಕಡೆ ಅವನು ಹಾಂ ಹೂಂ ಎಂದು ತಡವರಿಸಿದ್ದು ಕೇಳಿ ಅವಳಿಗೆ ಊಟ ಮಾಡಿದಷ್ಟು ತೃಪ್ತಿಯಾಯಿತು. ಒಂದು ಕಾಲದಲ್ಲಿ ಇವನೊಡನೆ ಮನೆಮಾತಾದ ಅರೆಭಾಷೆ ಬಿಟ್ಟು ಬೇರೆ ಮಾತೇ ಇರಲಿಲ್ಲ.

ಹೋದ ವರ್ಷ ಒಂದು ಭಾನುವಾರ ಅವನು ಹಿರಿಯರನ್ನು ಕರೆದುಕೊಂಡು ಮದೆನಾಡಿನ ಅವಳ ಮನೆಗೆ ಹೆಣ್ಣು ಕೇಳಲು ಬರಬೇಕಿತ್ತು. ಕೋಳಿ ಸಾರು ಬೆಂದು, ಕಡುಬು ಆರಿ, ನೆಂಟರೆಲ್ಲ ಗಡಿಯಾರ ನೋಡಿ, ಕೊನೆಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆಯವರೆಗೂ ಯಾರೂ ಬರಲಿಲ್ಲ. ಅವನ ಫೋನ್ ಸ್ವಿಚ್ ಆಫ್ ಆಗಿತ್ತು. ಕಾರಣ ಆಮೇಲೆ ಊರವರ ಬಾಯಿಂದ ತಿಳಿಯಿತು. ಅವನ ತಾಯಿ ಬೊಳ್ಳಮ್ಮ, "ಕಂಡವರ ಮನೆ ಮಾಡು ಹತ್ತುವ ಗೂಡೆ ನಮ್ಮ ಮನೆಗೆ ಬೇಡ," ಎಂದಿದ್ದರಂತೆ. ಆ ಗೂಡೆ, ಆ ಹುಡುಗಿ, ಮೋಕ್ಷಿತಾಳೇ; ಮಡಿಕೇರಿಯಲ್ಲಿ ಸೋಲಾರ್ ಅಂಗಡಿ ಇಟ್ಟವಳು. ಮಾಡು ಹತ್ತಿ ಚಾವಣಿಯ ಮೇಲೆ ಪ್ಯಾನೆಲ್ ಕೂರಿಸುವುದೇ ಅವಳ ಹೊಟ್ಟೆಪಾಡು. ಆ ಮಾತನ್ನು ಅವಳು ಕ್ಷಮಿಸಿಯಾಳು. ಅದನ್ನು ಕೇಳಿಯೂ ಬಾಯಿಗೆ ಬೀಗ ಹಾಕಿಕೊಂಡು ಕೂತನಲ್ಲ ಮಹರಾಯ, ಅವನನ್ನು ಮಾತ್ರ ಬಿಡುವವಳಲ್ಲ.

ಏಪ್ರಿಲ್ ಬಿಸಿಲಿನಲ್ಲಿ ಅವಳು ಅವನ ಮನೆಯ ಹಂಚಿನ ಮಾಡು ಹತ್ತಿದಳು. ಬೊಳ್ಳಮ್ಮ ಕಿಟಕಿಯ ಪರದೆಯ ಹಿಂದೆ ನಿಂತಿದ್ದರು. ನೋಡಲಿ ಎಂದೇ ಮೋಕ್ಷಿತಾ ಏಣಿಯ ಮೇಲೆ ನಿಧಾನವಾಗಿ ಹತ್ತಿದಳು. ಕೆಳಗೆ ಏಣಿ ಹಿಡಿದು ನಿಂತ ದೀಕ್ಷಿತ್ ಮೇಲೆ ನೋಡಿದ. ಅವಳು ಕೆಳಗೆ ನೋಡಿದಳು. ಅವನ ಗಡ್ಡ ಸ್ವಲ್ಪ ಬೆಳೆದಿತ್ತು, ಕಣ್ಣು ಮಾತ್ರ ಹಳೆಯದೇ. ಹಾಳಾದವನು, ಇನ್ನೂ ಚೆಂದವೇ ಇದ್ದಾನೆ ಎಂದುಕೊಂಡು ಅವಳು ಅಳತೆಯ ಟೇಪು ಎಳೆದಳು.

"ದಕ್ಷಿಣದ ಮಾಡು ಒಳ್ಳೇದು ಸಾರ್. ಆದ್ರೆ ಹಂಚು ಹೊರುವ ಎರಡು ಪಕ್ಕಾಸಿನ ಮರ ಗೆದ್ದಲು ತಿಂದಿದೆ. ಅದನ್ನ ಬದಲಾಯಿಸದೆ ಪ್ಯಾನೆಲ್‌ನ ಭಾರ ಹೇರಬಾರ್ದು."

"ಹೂಂ."

"ಈಗಷ್ಟೆ ತೋಟದ ಮರಗಸಿ ಆಗಿದೆ, ಕೊಂಬೆ ಕಡಿದಿದ್ದಾರೆ. ಅದಕ್ಕೆ ಎಲ್ಲ ಕಡೆ ಬಿಸಿಲು ಕಾಣ್ತದೆ. ಇದನ್ನ ನಂಬಿ ಹಾಕಿಸಿದವರು ಚಿಗುರು ಬಂದ ಮೇಲೆ ಅಳ್ತಾರೆ. ಆ ಸಿಲ್ವರ್ ಓಕಿನ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ರೂ ಇಡೀ ಸಾಲೇ ಸೊರಗ್ತದೆ."

"ಅದ್ರಲ್ಲಿ ಕರಿಮೆಣಸಿನ ಬಳ್ಳಿ ಉಟ್ಟು. ಮರ ಕಡಿಯಿಕೆ ಅವ್ವ ಬಿಡುದಿಲ್ಲೆ."

"ಅವ್ವ ಬಿಡದ್ದು ನಿಮ್ಗೆ ಆಗುದಿಲ್ಲ, ಗೊತ್ತುಂಟು ಸಾರ್. ಪ್ಯಾನೆಲನ್ನೇ ಈಚೆ ಸರಿಸುವ."

ಅವನ ಕಿವಿ ಕೆಂಪಾಯಿತು. ಅವಳಿಗೆ ಹಾಯೆನಿಸಿತು.

ಎಲ್ಲವನ್ನೂ ಅವಳು ಪ್ರಾಮಾಣಿಕವಾಗಿ ಹೇಳಿದಳು. ಜೋರು ಮಳೆಯ ತಿಂಗಳುಗಳಲ್ಲಿ ಬರುವ ಕರೆಂಟು ಅಷ್ಟಕ್ಕಷ್ಟೇ ಎಂಬುದನ್ನೂ, ಮಿಕ್ಕ ಕರೆಂಟನ್ನು ಲೈನಿಗೆ ಕೊಟ್ಟ ಲೆಕ್ಕ ಇಡುವ ನೆಟ್ ಮೀಟರಿಗೆ ಅರ್ಜಿ ಹಾಕಬೇಕೆಂಬುದನ್ನೂ ಬಿಡಲಿಲ್ಲ. ಒಂದನ್ನು ಮಾತ್ರ ನುಂಗಿಕೊಂಡಳು. ಬ್ಯಾಟರಿ ಇಲ್ಲದ ಸೋಲಾರ್, ಲೈನಿನ ಕರೆಂಟು ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ನಿಲ್ಲದಿದ್ದರೆ ಮಾಡಿನ ಕರೆಂಟು ತಂತಿಗೆ ಹರಿದು, ರಿಪೇರಿಗೆ ಕಂಬ ಹತ್ತಿದವನ ಜೀವ ಹೋದೀತು. ಕೊಡಗಿನಲ್ಲಿ ಜನ ಸೋಲಾರ್ ಹಾಕಿಸುವುದೇ ಮಳೆಗಾಲದ ಕತ್ತಲೆಗೆ ಹೆದರಿ. ಹಾಗಾಗಿ ಬೇರೆ ಗಿರಾಕಿಗಳಿಗೆ ಅವಳು ಮೊಟ್ಟಮೊದಲು ಹೇಳುತ್ತಿದ್ದದ್ದೇ ಇದನ್ನು.

ಇವನು ಕೇಳಿದರೆ ಹೇಳಲೇಬೇಕು. ಕೇಳದಿದ್ದರೆ? ಅವಳು ಕಾದಳು. ಅವನು ಬಾಯಿ ತೆರೆದ. ಅವಳು ಟೇಪು ಸುತ್ತುವುದನ್ನು ನಿಲ್ಲಿಸಿದಳು.

"ಬಿಸಿಲಿಗೆ ತಲೆ ನೋಯುದಿಲ್ಲೆಯಾ ನಿಂಗೆ?"

"ಅಭ್ಯಾಸ ಉಂಟು ಸಾರ್," ಎಂದಳು. ಒಂದು ವಾರದಲ್ಲಿ ಬ್ಯಾಟರಿ ಇಲ್ಲದ ಸೋಲಾರ್ ಅವನ ಮಾಡಿನ ಮೇಲೆ ಮಿನುಗತೊಡಗಿತು.

ಜುಲೈನ ಗಾಳಿಗೆ ಭಾಗಮಂಡಲದ ರಸ್ತೆಯುದ್ದಕ್ಕೂ ಮರಗಳು ತಂತಿಯ ಮೇಲೆ ಉರುಳಿದವು. ಚೇರಂಬಾಣೆಯಲ್ಲಿ ಮೂರು ದಿನದಿಂದ ಕರೆಂಟಿಲ್ಲ ಎಂದು ಕೇಳಿದ್ದೇ ತಡ, ಮೋಕ್ಷಿತಾ ಮಳೆಯಲ್ಲೇ ಜೀಪು ಹೊರಡಿಸಿದಳು. ಸರ್ವಿಸ್ ಎಂಬುದು ನೆಪ. ಅವನು ಪೆಚ್ಚಾಗಿ ಕೂತದ್ದನ್ನು ಕಣ್ಣಾರೆ ನೋಡದಿದ್ದರೆ ಸೇಡಿಗೆ ರುಚಿ ಎಲ್ಲಿಯದು?

ಮಧ್ಯಾಹ್ನವೇ ಮನೆ ಕತ್ತಲಾಗಿತ್ತು. ದೀಕ್ಷಿತ್ ಜಗಲಿಯಲ್ಲಿ ಕೂತಿದ್ದ. ಅವಳನ್ನು ಕಂಡು ಒಳಗೆ ಹೋಗಿ ಬೆಲ್ಲದ ಕಾಫಿ ತಂದುಕೊಟ್ಟ.

"ಕರೆಂಟ್ ಇಲ್ವಾ ಸಾರ್?" ಅವಳ ದನಿಯಲ್ಲಿ ಜೇನು ಸುರಿಯುತ್ತಿತ್ತು. "ಸೋಲಾರ್ ಇದ್ದೂ?"

"ಲೈನ್ ಇಲ್ಲದೆ ಇದು ಓಡುದಿಲ್ಲೆ ಅಲಾ? ಕುಶಾಲನಗರದ ಸೋಲಾರ್ ಅಂಗಡಿಯ ನಂದೀಶ್ ಹತ್ರ ಮೊದ್ಲು ವಿಚಾರಿಸಿದ್ದೆ. ಅವ ಹೇಳಿದ್ದ. ನಿಂಗೆ ಫೋನ್ ಮಾಡುವ ಮೊದಲೇ."

ಮೋಕ್ಷಿತಾಳ ಕೈಯ ಲೋಟ ಬಾಯಿಗೆ ಹೋಗಲಿಲ್ಲ. ಸಾರ್ ಎಂಬುದು ಎಲ್ಲಿ ಬಿದ್ದುಹೋಯಿತೋ.

"ಗೊತ್ತಿದ್ದೂ ಎಂತಕೆ ಕೇಳ್ಲಿಲ್ಲೆ ನೀ?"

"ನೀ ಹೇಳ್ತಿಯಾ ಇಲ್ಲೆಯಾ ನೋಡ್ಬೇಕಿತ್ತು. ಹೇಳಿದ್ರೆ ನಾನು ಎಲ್ಲರ ಹಾಗೆ ಒಬ್ಬ ಗಿರಾಕಿ ಅಷ್ಟೆ. ನೀ ಹೇಳದೆ ಹೋದೆ." ಅವನು ನಗಲು ನೋಡಿದ, ಆಗಲಿಲ್ಲ. "ಇಷ್ಟು ಸಿಟ್ಟುಟ್ಟು ಅಂದ್ರೆ ನನ್ನ ಪೂರ್ತಿ ಬಿಟ್ಟಿಲ್ಲೆ ಅಂತ ಕಂಡತ್. ಕರೆಂಟ್ ಹೋಗ್ತದೆ ಅಂತ ಈ ತಿಂಗಳು ಹೋಮ್‌ಸ್ಟೇಗೆ ಯಾರನ್ನೂ ಕರೀಲಿಲ್ಲೆ. ನೋಡಿಕೆ ನೀ ಬಂದೇ ಬರ್ತಿಯ ಅಂತ ಕೂತಿದ್ದೆ."

ಅವಳಿಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಜೋಪಾನ ಮಾಡಿದ ಸೇಡನ್ನೂ ಕಸಿದುಕೊಂಡನಲ್ಲ ಇವನು. ಆ ಉರಿಯ ನಡುವೆಯೇ ಅವನ ಕೆನ್ನೆ ಮುಟ್ಟಬೇಕೆನಿಸಿದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು.

"ಆ ಭಾನುವಾರ ಎಂತಕೆ ಬರ್ಲಿಲ್ಲೆ? ಅದು ಹೇಳು ಮೊದ್ಲು."

"ಹೆದರಿದೆ."

ಅವಳು ಕಾದಳು. ಬೇರೆ ಕಾರಣ ಬರಲಿಲ್ಲ. ಕಾಯಿಲೆ, ಅಪಘಾತ, ಏನಾದರೂ ಹೇಳಿದ್ದರೆ ಕ್ಷಮಿಸಲು ಸುಲಭವಿತ್ತು.

"ನೀರೂ ಕುಡಿಯುದಿಲ್ಲೆ ಅಂತ ಅವ್ವ ಕೂತ್ಕೊಂಡ್ಳು. ನಿಂಗೆ ಎಂತ ಹೇಳುದು ಗೊತ್ತಾಗದೆ ಫೋನ್ ಆಫ್ ಮಾಡಿದೆ. ಅಷ್ಟೇ ಮೋಕ್ಷಿ. ನನ್ನ ಪರವಾಗಿ ಹೇಳಿಕೆ ಏನೂ ಇಲ್ಲೆ."

"ಹಂಗಾರೆ ಆವತ್ತು ಹೇಳದ್ದನ್ನ ಈಗ ಹೇಳು. ನಂಗಲ್ಲ, ನಿನ್ನ ಅವ್ವಂಗೆ. ಹೇಳದೆ ಹೋದ್ರೆ ಈ ಜೀಪು ಮತ್ತೆ ಈ ಕಡೆ ಬರುದಿಲ್ಲೆ."

ದೀಕ್ಷಿತ್ ಬಾಗಿಲಿನತ್ತ ನೋಡಿದ, ಮತ್ತೆ ನೆಲ ನೋಡಿದ. ಹಾಳಾದವನು ಈಗಲೂ ಹೆದರುತ್ತಾನೆ ಎಂದು ಅವಳು ಜೀಪಿನ ಕೀ ಹುಡುಕುವಷ್ಟರಲ್ಲಿ ಅವನು ಎದ್ದು ನಿಂತ.

"ಅವ್ವ, ಹೊರಗೆ ಬಾ."

ಬೊಳ್ಳಮ್ಮ ಮೇಣದ ಬತ್ತಿ ಹಿಡಿದು ಬಾಗಿಲಿಗೆ ಬಂದರು.

"ನಾ ಮದುವೆ ಆದ್ರೆ ಇವಳನ್ನೇ. ಮಾಡು ಹತ್ತುವ ಗೂಡೆಯೇ ನಂಗೆ ಬೇಕು. ಆವತ್ತೇ ಹೇಳ್ಬೇಕಿತ್ತು, ಧೈರ್ಯ ಇರ್ಲಿಲ್ಲೆ. ನೀ ನೀರು ಬಿಟ್ರೆ ನಿನ್ನ ಪಕ್ಕದಲ್ಲೇ ಕೂತು ನಾನೂ ಬಿಡ್ತೆ. ಇವಳನ್ನ ಮಾತ್ರ ಬಿಡುದಿಲ್ಲೆ."

ಅವನ ದನಿ ನಡುಗಿತು, ಮಾತು ನಡುಗಲಿಲ್ಲ. ಮೋಕ್ಷಿತಾಳ ಕಣ್ಣು ತುಂಬಿತು. ಮಳೆ ಹನಿ ಎಂಬಂತೆ ಅವಳು ಮುಖ ಒರೆಸಿಕೊಂಡಳು.

ಬೊಳ್ಳಮ್ಮ ಮಗನನ್ನು ನೋಡಿದರು, ಅವಳನ್ನು ನೋಡಿದರು.

"ಕರೆಂಟ್ ಹೋದ್ರೆ ಇದು ನಿಲ್ತದೆ ಅಂತ ನಿಂಗೂ ಗೊತ್ತಿತ್ತಾ? ಇವಳಿಗೂ ಗೊತ್ತಿತ್ತಾ?"

ಇಬ್ಬರೂ ತಲೆಯಾಡಿಸಿದರು.

"ನಿಮ್ಮಿಬ್ರ ಜಗಳಕೆ ನಾ ಮೂರು ದಿನ ಕತ್ತಲೆಲಿ ಕೂತದಾ?" ಅವರು ಬೆಂಚಿನ ಮೇಲೆ ಕುಳಿತರು. ಜೊತೆಗೆ ನೀರು ಬಿಡುತ್ತೇನೆಂದ ಮಗನನ್ನು ಇನ್ನೊಮ್ಮೆ ನೋಡಿ ಮೇಣದ ಬತ್ತಿಯನ್ನು ಪಕ್ಕಕ್ಕಿಟ್ಟರು. ಕೊನೆಗೆ ಕೇಳಿದರು, "ಬ್ಯಾಟರಿ ಹಾಕಿರೆ ಬೆಳಕು ಬರ್ತದೆಯಾ?"

"ಬರ್ತದೆ."

"ಹಂಗಾರೆ ಹಾಕು. ಸೊಸೆ ಆಗಿ ಬರುವವಳು ಅಷ್ಟು ಮಾಡಿಕೆ ಆಗುದಿಲ್ಲೆಯಾ?"

ಮೋಕ್ಷಿತಾ ಕಾಫಿಯನ್ನು ಕೊನೆಯ ಗುಟುಕಿನವರೆಗೂ ನಿಧಾನವಾಗಿ ಕುಡಿದಳು. ಪಕ್ಕದಲ್ಲಿ ನಿಂತ ದೀಕ್ಷಿತ್‌ನ ಕಿರುಬೆರಳನ್ನು ಹಿಡಿದುಕೊಂಡಳು, ಸ್ವಲ್ಪ ನೋಯುವಷ್ಟು ಬಿಗಿಯಾಗಿ.

"ಹಾಕ್ತೆ ಅತ್ತೆ," ಎಂದಳು. "ಮಳೆಗಾಲ ಮುಗೀಲಿ."