ಬಾಯಿಪಾಠದ ಕಣ್ಣು

“ಮೊದಲನೇ ಸಾಲು ಸರಿ. ಎರಡನೇದು ಹೇಳು.”

“ಎಡ, ಎಡ, ಮೇಲೆ...” ತಾತ ತಡವರಿಸಿದ.

“ಒಂದೇ ಎಡ, ತಾತ. ಎಡ, ಮೇಲೆ, ಕೆಳಗೆ, ಬಲ. ನಮ್ಮ ಕ್ಲಾಸಿನ ಲಾಸ್ಟ್ ಬೆಂಚಿನವರೂ ನಿನಗಿಂತ ಬೇಗ ಕಲೀತಾರೆ.”

“ಅವರ ಟೀಚರು ನಿನ್ನ ಹಾಗೆ ಗದರಲ್ಲ ಕಣೇ, ಪಿಟೀಲು.”

ಮೊಮ್ಮಗಳು ಹುಟ್ಟಿದ ದಿನದಿಂದ ಒಂದೇ ಸಮನೆ ಕುಂಯ್‌ಗುಟ್ಟುತ್ತಿದ್ದಳೆಂದು ತಾತನೇ ಇಟ್ಟ ಹೆಸರು ಅದು. ತಾತನ ಸೈಕಲ್ ರಿಪೇರಿ ಅಂಗಡಿಯಲ್ಲಿ ಅವಳು ಹಳೇ ಟಯರಿನ ಮೇಲೆ ಕೂತಿದ್ದಳು. ತಾತ ಟ್ಯೂಬನ್ನು ಕೆನ್ನೆಗೆ ತಾಗಿಸಿಕೊಂಡು, ಗಾಳಿ ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತಿದ್ದ. ಕಣ್ಣಿಗೆ ಪೊರೆ ಬಂದಮೇಲೆ ಅವನ ಕೆಲಸವೆಲ್ಲ ಹೀಗೇ, ಕೆನ್ನೆಯಲ್ಲಿ ಮತ್ತು ಬೆರಳಲ್ಲಿ.

ಮರುದಿನ ಪಿಟೀಲಿನ ಶಾಲೆಯಲ್ಲೇ ಕಣ್ಣಿನ ಕ್ಯಾಂಪು. ಅವಳ ಕ್ಲಾಸಿನ ಬೋರ್ಡಿಗೆ ಆಗಲೇ ಚಾರ್ಟು ತೂಗುಹಾಕಿದ್ದರು. ಅದರಲ್ಲಿ ಅಕ್ಷರಗಳಿಲ್ಲ, ಮೂರೇ ಹಲ್ಲಿನ ಕಪ್ಪು ಬಾಚಣಿಗೆಗಳು. ಮೇಲೆ ದೊಡ್ಡವು, ಕೆಳಗೆ ಬರಬರುತ್ತ ಇರುವೆಯಷ್ಟು. ಹಲ್ಲು ಯಾವ ಕಡೆಗಿದೆ ಎಂದು ಹೇಳಿದವರು ಸೀದಾ ಮನೆಗೆ. ಹೇಳಲಾಗದವರನ್ನು ಡಾಕ್ಟರು ನೋಡಿ, ಪೊರೆ ಇದ್ದರೆ ವ್ಯಾನಿನಲ್ಲಿ ದೂರದ ಆಸ್ಪತ್ರೆಗೆ, ಆಪರೇಷನ್ನಿಗೆ. ಆ ವ್ಯಾನು ಈ ಕಡೆ ಬರುವುದೇ ವರ್ಷಕ್ಕೊಮ್ಮೆ.

ಆಪರೇಷನ್ ಎಂದರೆ ತಾತನಿಗೆ ಆಗದು. “ನಮ್ಮಕ್ಕನ ಕಣ್ಣಿಗೆ ಊರೂರು ತಿರುಗೋನೊಬ್ಬ ಸೂಜಿ ಹಾಕ್ದ. ಎರಡು ದಿನ ಎಲ್ಲಾ ಕಾಣಿಸ್ತು. ಆಮೇಲೆ ಬರೀ ಕತ್ತಲೆ” ಎಂದು ಹೇಳಿದ್ದ. ಕೇಳಿ ಪಿಟೀಲಿಗೂ ಮೈ ಜುಮ್ಮೆಂದಿತ್ತು. ಆದರೆ ತಾತ ಕ್ಯಾಂಪಿಗೆ ಹೋಗಲೇಬೇಕೆಂದು ಅಮ್ಮನ ಹಟ. ಅದಕ್ಕೇ ಅಮ್ಮನಿಗೆ ಹೇಳದೆ ಚಾರ್ಟನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಬೆಳಿಗ್ಗೆ ಸಾಲು ಶಾಲೆಯ ಗೇಟಿನವರೆಗೂ ಇತ್ತು. ತಾತನ ಸರದಿ ಬಂದಾಗ ನರ್ಸಕ್ಕ ಮೇಲಿನಿಂದ ಸಾಲಾಗಿ ಕೋಲಿಟ್ಟು ಕೇಳಿದ್ದಕ್ಕೆಲ್ಲ ಅವನು ಕೈ ಆಡಿಸಿ ಹೇಳಿದ. ಒಂದೂ ತಪ್ಪಲಿಲ್ಲ.

“ಭೇಷ್, ತಾತ. ನಿಮ್ಮದು ಹದ್ದಿನ ಕಣ್ಣು. ಮನೆಗೆ ಹೋಗಿ.”

ಬಾಗಿಲಲ್ಲಿ ನಿಂತಿದ್ದ ಪಿಟೀಲಿಗೆ ಕುಣಿಯುವಷ್ಟು ಖುಷಿ. ತಾತ ಗೋಡೆ ಹಿಡಿದುಕೊಂಡು ಅವಳ ಕಡೆಗೇ ಬಂದ. ಮೊಳದಷ್ಟು ದೂರದಲ್ಲಿ ನಿಂತು ಅವಳ ಮುಖವನ್ನೇ ನೋಡಿದ. ಇನ್ನೇನು ಕಣ್ಣು ಮಿಟುಕಿಸುತ್ತಾನೆ ಎಂದು ಅವಳು ಬಾಯಿ ಬಿಗಿಹಿಡಿದು ನಗು ತಡೆದುಕೊಂಡಳು.

“ಯಾರಮ್ಮ ಮಗೂ ನೀನು? ಇಲ್ಲೆಲ್ಲೋ ನನ್ನ ಮೊಮ್ಮಗಳು ಇರ್ಬೇಕು. ಸ್ವಲ್ಪ ಕರೀತೀಯಾ?”

ತಾತನಿಗೆ ಸಣ್ಣ ನಟ್ಟು ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ತನ್ನ ಮುಖವೇ ಕಾಣುವುದಿಲ್ಲ ಎಂದು ಗೊತ್ತಿರಲಿಲ್ಲ. ಮನೆಯಲ್ಲಿ ಅವಳ ಬಾಯಿ ಮುಚ್ಚಿದ್ದೇ ಇಲ್ಲವಲ್ಲ, ತಾತ ದನಿಯಿಂದಲೇ ಗುರುತು ಹಿಡಿಯುತ್ತಿದ್ದ.

ಅವಳು ಸೀದಾ ನರ್ಸಕ್ಕನ ಹತ್ತಿರ ಹೋದಳು. “ಅಕ್ಕಾ, ತಾತ ಎಲ್ಲಾ ಬಾಯಿಪಾಠ ಮಾಡಿದ್ದಾನೆ. ನಾನೇ ಹೇಳ್ಕೊಟ್ಟೆ. ಇನ್ನೊಂದ್ಸಲ ಕೇಳಿ.”

ತಾತನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದರು. ಅವನು ಹುರುಪಿನಿಂದ ಶುರುಮಾಡಿದ. “ಮೇಲೆ, ಬಲ, ಕೆಳಗೆ...”

“ತಾತ, ನಾನಿನ್ನೂ ಕೋಲೇ ಎತ್ತಿಲ್ಲ.”

ಸಾಲಿನಲ್ಲಿದ್ದವರು ನಕ್ಕರು. ಪಿಟೀಲು ನೆಲ ನೋಡಿದಳು.

ಡಾಕ್ಟರಮ್ಮ ಟಾರ್ಚ್ ಬಿಟ್ಟು ನೋಡಿದರು. “ಎರಡೂ ಕಣ್ಣಲ್ಲಿ ಪೊರೆ ಇದೆ, ಯಜಮಾನ್ರೇ.”

“ಸೂಜಿ ಹಾಕ್ತೀರಾ?”

“ಆ ಕಾಲ ಹೋಯ್ತು. ಮಂಜಾದ ಪೊರೆ ತೆಗೆದು, ಅಲ್ಲಿಗೆ ತಿಳಿಯಾದ ಲೆನ್ಸ್ ಇಡ್ತೀವಿ. ನೋವಾಗದ ಹಾಗೆ ಮೊದಲೇ ಮದ್ದು ಹಾಕ್ತೀವಿ. ಈಗ ಒಂದು ಕಣ್ಣು, ಇನ್ನೊಂದು ಆಮೇಲೆ.”

ತಾತ ಬಾಗಿಲ ಕಡೆಗೆ ಮುಖ ತಿರುಗಿಸಿದ. ಆಮೇಲೆ ಮೆಲ್ಲಗೆ ಕೇಳಿದ. “ಬಾಗಿಲ ಹತ್ರ ನಿಂತಿದ್ದೋಳು ನನ್ನ ಮೊಮ್ಮಗಳೇನಾ?”

“ಹೌದು ತಾತ, ಇವಳೇ” ಎಂದಳು ನರ್ಸಕ್ಕ.

ತಾತ ಎದ್ದು ನಿಂತ. “ವ್ಯಾನು ಎಲ್ಲಿದೆ?”

ಸುದ್ದಿ ತಿಳಿದು ಓಡಿಬಂದ ಅಮ್ಮ ಬಟ್ಟೆಯ ಗಂಟು ಹಿಡಿದು ಮುಂದಿನ ಸೀಟಿನಲ್ಲಿ ಕೂತಳು. ಪಿಟೀಲು ತಾತನ ಪಕ್ಕ ಕೂತಳು.

“ಚಾಡಿಕೋರಿ. ನನ್ನ ಹತ್ರ ಮಾತಾಡ್ಬೇಡ” ಎಂದ ತಾತ.

ಅವಳು ಮಾತಾಡಲಿಲ್ಲ. ವ್ಯಾನು ಅಂಗಡಿಬೀದಿ ದಾಟಿತು, ಸೇತುವೆ ದಾಟಿತು. ತಾತನ ಕೈ ಸೀಟಿನ ಮೇಲೆ ಅತ್ತಿತ್ತ ತಡಕಾಡಿತು.

“ಇದ್ದೀಯಾ?”

“ಇದ್ದೀನಿ. ಮಾತಾಡ್ಬೇಡ ಅಂದ್ಯಲ್ಲ.”

“ಮಾತಾಡು ಅಂತ ಎಲ್ಲಿ ಹೇಳ್ದೆ? ಇದ್ದೀಯಾ ಅಂತ ಕೇಳ್ದೆ, ಅಷ್ಟೆ.”

ರಸ್ತೆ ತಿರುಗಿದಾಗಲೆಲ್ಲ ತಾತ ಮತ್ತೆ ಕೇಳಿದ. ಸಿಟ್ಟು ಬಂದವರು ಇಷ್ಟು ಸಲ ಕೇಳುವುದಿಲ್ಲ ಎಂದು ಪಿಟೀಲಿಗೆ ಅನ್ನಿಸಿತು. ಅವಳು ಅವನ ತೋಳಿಗೆ ಒರಗಿ ಕೂತಳು. ಮುಂದಿನ ತಿರುವು ಬಂದಾಗ, ಅವನು ಕೇಳುವ ಮೊದಲೇ, “ಇದ್ದೀನಿ ತಾತ” ಎಂದಳು.