ತಗೊಂಡದ್ದಲ್ಲ, ಹಚ್ಚಿಕೊಂಡದ್ದು

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ಆಸ್ಪತ್ರೆಯಿಂದ ನೇರವಾಗಿ ಬಂದವಳು. ರಾತ್ರಿಯೆಲ್ಲ ಅತ್ತು ಕಣ್ಣು ಊದಿದ್ದವು, ಆದರೆ ದನಿ ಮಾತ್ರ ಗಟ್ಟಿಯಾಗಿತ್ತು.

"ನಮ್ಮಕ್ಕಂಗೆ ಏನೋ ಹಾಕಿದಾರೆ. ಕೇಸ್ ತಗೊಳ್ಳಿ."

"ಯಾರು ಹಾಕಿದ್ದು?" ಇನ್‌ಸ್ಪೆಕ್ಟರ್ ಕೇಳಿದರು.

"ಇನ್ಯಾರು? ಅತ್ತಿಗೆ."

ಇನ್‌ಸ್ಪೆಕ್ಟರ್ ಪೆನ್ನಿನ ಕ್ಯಾಪ್ ತೆಗೆದವರು ಹಾಗೇ ಹಿಡಿದುಕೊಂಡರು. ಅತ್ತಿಗೆ ನಾದಿನಿಯರ ದೂರುಗಳನ್ನು ಅವರು ಸರ್ವೀಸಿನಲ್ಲಿ ಸಾಕಷ್ಟು ಕಂಡಿದ್ದರು. ಅರ್ಧಕ್ಕರ್ಧ ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವಂಥವು. ಆದರೆ ಈಕೆ ಕೈಯಲ್ಲಿ ಆಸ್ಪತ್ರೆಯ ಚೀಟಿ ಹಿಡಿದಿದ್ದಳು, ಅದರಲ್ಲಿ ಮೆದುಳು ಎಂಬ ಪದವಿತ್ತು.

ಸಂಗತಿ ಇಷ್ಟು. ಆಕೆಯ ಅಕ್ಕ ದರ್ಜಿ. ಮದುವೆಯಾಗಿಲ್ಲ, ನಲವತ್ತು ದಾಟಿದೆ, ಅಣ್ಣನ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ. ಬೀದಿಗೆಲ್ಲ ಟೈಲರಕ್ಕ. ಎರಡು ವರ್ಷದ ಹಿಂದೆ ಹೃದಯದ ಕವಾಟ ಕೆಟ್ಟು, ಲೋಹದ ಕವಾಟ ಕೂರಿಸಿದ್ದರು. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಜೀವನಪೂರ್ತಿ ರಕ್ತ ತೆಳುವಾಗಿಸುವ ಮಾತ್ರೆ. ಸೋಮವಾರ ಸಂಜೆ ಬಟ್ಟೆಯ ಬೀರುವಿನ ಬಾಗಿಲು ತಲೆಗೆ ತಗುಲಿತು. ಮಕ್ಕಳಾದರೆ ಉಫ್ ಅಂತ ಊದಿ ಮರೆಯುವಷ್ಟು ಪೆಟ್ಟು. ಸ್ವಲ್ಪ ಹೊತ್ತಿಗೆ ಮಾತು ತೊದಲಿತು, ಬಲಗೈಯಿಂದ ಕತ್ತರಿ ಜಾರಿತು. ತಲೆಯೊಳಗೆ ರಕ್ತ. ರಾತ್ರಿಯೇ ಆಪರೇಷನ್ ಆಯಿತು, ಇನ್ನೂ ಎಚ್ಚರವಿಲ್ಲ.

"ರಕ್ತ ಎಷ್ಟು ತೆಳುವಾಗಿದೆ ಅಂತ ಹೇಳೋ ನಂಬರು ಎರಡೂವರೆಯಿಂದ ಮೂರೂವರೆ ಒಳಗಿರಬೇಕಂತೆ," ತಂಗಿ ಹೇಳಿದಳು. "ಹನ್ನೊಂದಿತ್ತು. ಹನ್ನೊಂದು! ಮಾತ್ರೆ ಡಬ್ಬಿ ಅತ್ತಿಗೆ ಕೈಯಲ್ಲೇ ಇರೋದು. ಇನ್ನೇನು ಹೇಳ್ಬೇಕು ನಿಮಗೆ?"

ಹತ್ತೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ತಮ್ಮ ಹೆಡ್ ಕಾನ್‌ಸ್ಟೇಬಲ್ ಮತ್ತು ಇಬ್ಬರು ಪಂಚರ ಜೊತೆ ಆ ಮನೆಯಲ್ಲಿದ್ದರು. ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ರೇಡಿಯೋ ಎಂದೇ ಹೆಸರು, ಒಮ್ಮೆ ಶುರುವಾದರೆ ಆರಿಸುವ ಗುಂಡಿ ಯಾರಿಗೂ ಸಿಕ್ಕಿರಲಿಲ್ಲ.

ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ಗಂಡ ಲಾರಿ ಓಡಿಸುವವನು, ಸುದ್ದಿ ಮುಟ್ಟಿದೆ, ಇನ್ನೂ ದಾರಿಯಲ್ಲಿದ್ದಾನೆ. ಕೇಳುವ ಮೊದಲೇ ಮಾತ್ರೆ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಪಂಚರ ಮುಂದೆ ಎಣಿಸಿದರು. ಲೆಕ್ಕ ಸರಿಯಿತ್ತು.

"ಎಷ್ಟೊತ್ತಿಗೆ ಕೊಡ್ತೀರಿ?"

"ಸಂಜೆ ಏಳಕ್ಕೆ. ಮರೆತ್ರೆ ಮಾರನೇ ದಿನ ಎರಡು ಸೇರಿಸಿ ಕೊಡಬಾರದು, ಗೊತ್ತು ನನಗೆ. ಮರೆತಿಲ್ಲ."

"ಊಟ?"

"ಸೊಪ್ಪು ದಿನಾ ಒಂದೇ ಅಳತೆ. ಒಂದಿನ ಜಾಸ್ತಿ, ಒಂದಿನ ಇಲ್ಲ ಅಂತ ಮಾಡಿದ್ರೆ ನಂಬರ್ ಏರುಪೇರಾಗತ್ತಂತೆ. ನೋವಿನ ಮಾತ್ರೆ ಮನೇಲಿ ಇಟ್ಟೇ ಇಲ್ಲ ಸಾರ್. ನನಗೆ ತಲೆ ನೋವು ಬಂದ್ರೆ ಪಕ್ಕದ ಮನೇಗೆ ಹೋಗಿ ನುಂಗಿ ಬರ್ತೀನಿ."

ರೇಡಿಯೋ ನಗು ತಡೆದುಕೊಂಡ. ಅತ್ತಿಗೆ ನಗಲಿಲ್ಲ.

"ಹಲ್ಲು ಕೀಳಿಸೋಕೆ ಹೋದಾಗಲೂ ಮೊದಲು ಹೃದಯದ ಡಾಕ್ಟ್ರನ್ನ ಕೇಳಿ ಬನ್ನಿ ಅಂತ ವಾಪಸ್ ಕರ್ಕೊಂಡು ಬಂದೆ. ಮೊದಲ ಒಂದೂವರೆ ವರ್ಷ ನಂಬರ್ ಕಲ್ಲಿನ ಹಾಗಿತ್ತು. ಈ ಆರು ತಿಂಗಳಿಂದ ಏರೋದು, ಇಳಿಯೋದು. ಪ್ರತಿ ಗುರುವಾರ ರಕ್ತ ಕೊಡೋಕೆ ಓಡಾಟ. ಏರಿದಾಗೆಲ್ಲ ನನ್ನ ಅಡಿಗೆ ಮೇಲೆ ಅನುಮಾನ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ." ಅಷ್ಟು ಹೇಳಿ ಮುಖ ತಿರುಗಿಸಿಕೊಂಡಳು. "ನಿಮ್ಮ ಕೆಲ್ಸ ಮುಗಿದ್ರೆ ಬಿಡಿ ಸಾರ್. ಅವಳು ಕಣ್ಣು ಬಿಟ್ಟಾಗ ನಾನು ಅಲ್ಲಿರಬೇಕು."

ಇನ್‌ಸ್ಪೆಕ್ಟರ್‌ಗೆ ಆ ಕ್ಷಣಕ್ಕೇ ಅನ್ನಿಸಿತು, ಇವಳಲ್ಲ. ಆದರೆ ಅನ್ನಿಸಿದ್ದನ್ನು ಪಂಚನಾಮೆಯಲ್ಲಿ ಬರೆಯಲು ಬರುವುದಿಲ್ಲ. ದೂರಿನಲ್ಲಿ ಇದ್ದದ್ದು ಒಂದೇ ಹೆಸರು, ಬೇರೆ ಕಾರಣ ಸಿಗದಿದ್ದರೆ ಈ ಹೆಂಗಸನ್ನೇ ಜೀಪು ಹತ್ತಿಸಬೇಕು.

"ಬೇರೆ ಔಷಧಿ ಏನಾದ್ರೂ ತಗೋತಿದ್ರಾ ಅವರು?"

"ಇಲ್ಲ ಸಾರ್. ಏನೂ ಇಲ್ಲ."

ಹೊಲಿಗೆ ಕೋಣೆ ಚಿಕ್ಕದು. ಕಿಟಕಿಗೆ ಮುಖ ಮಾಡಿದ ಮೆಷಿನ್ನು, ಅರ್ಧ ಹೊಲಿದ ನೀಲಿ ಕೋಟು, ಕೊರಳಿಗೆ ಅಳತೆ ಟೇಪು ಸುತ್ತಿದ ಮರದ ಬೊಂಬೆ. ಇನ್‌ಸ್ಪೆಕ್ಟರ್ ಟೈಲರಕ್ಕನ ಕುರ್ಚಿಯಲ್ಲಿ ಕೂತು ಅವಳು ಏನು ನೋಡುತ್ತಿದ್ದಳೋ ಅದನ್ನೇ ನೋಡಿದರು. ಬೀದಿ, ಎದುರಿನ ಗೋಡೆ, ತಿರುವಿನ ತನಕ ಖಾಲಿ ದಾರಿ. ರೇಡಿಯೋ ಕುರ್ಚಿಯ ಹಿಂದೆ ಬಗ್ಗಿದವನು ಬೆನ್ನಿಗೆ ಕಟ್ಟಿದ್ದ ದಿಂಬನ್ನು ಬಿಚ್ಚಿ ಮೂಗಿಗೆ ಹಿಡಿದ.

"ಸಾರ್, ಇದು ನನ್ನ ಸೊಂಟದ ವಾಸನೆ."

"ಏನಯ್ಯಾ ಹಾಗಂದ್ರೆ?"

"ನೋವಿನ ಮುಲಾಮು ಸಾರ್. ನಾನು ದಿನಾ ಹಚ್ಕೊಳ್ಳಲ್ವಾ? ಇದು ನಂದಕ್ಕಿಂತ ಖಾರ."

ಇನ್‌ಸ್ಪೆಕ್ಟರ್ ಎದ್ದು ನಿಂತರು. "ಅಮ್ಮಾ, ಅವರು ಏನಾದ್ರೂ ಹಚ್ಕೋತಿದ್ರಾ?"

"ಹಚ್ಕೋತಿದ್ಲು. ಕತ್ತಿಗೆ, ಹೆಗಲಿಗೆ. ಬಗ್ಗಿ ಹೊಲಿದೂ ಹೊಲಿದೂ ನೋವು ಅವಳಿಗೆ."

"ಆಗಲೇ ಯಾಕೆ ಹೇಳಲಿಲ್ಲ?"

"ನೀವು ತಗೋತಿದ್ರಾ ಅಂದ್ರಿ," ಅತ್ತಿಗೆ ಅಮಾಯಕಳಾಗಿ ಹೇಳಿದಳು. "ಇದು ಹಚ್ಚೋದಲ್ವಾ."

ಮುಲಾಮು ದಾರದ ಉಂಡೆಗಳ ಡ್ರಾಯರಿನಲ್ಲಿತ್ತು. ಅಂಗಡಿಯ ಡಬ್ಬಿಯಲ್ಲ. ಅಗಲ ಬಾಯಿಯ, ತಿರುಪು ಮುಚ್ಚಳದ ಪಾರದರ್ಶಕ ಡಬ್ಬಿ. ರೇಡಿಯೋ ಅದನ್ನು ನೋಡಿದ್ದೇ ಕೈ ಹಿಂದಕ್ಕೆಳೆದುಕೊಂಡ. "ಇದು ಲ್ಯಾಬಿನಲ್ಲಿ ಮೂತ್ರ ಹಿಡಿಯೋಕೆ ಕೊಡೋ ಡಬ್ಬಿ ಸಾರ್!"

"ಹೊಸದೇ," ಅತ್ತಿಗೆ ಅಂದಳು. "ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ತೆಗೆಯೋನು ಕೊಡ್ತಾನೆ, ಇರುವೆ ಅಂತಾರೆ ಅವನಿಗೆ. ಪಾಪ, ಮನೇಲಿ ತಾನೇ ಮಾಡಿ ಕೊಡ್ತಾನಂತೆ."

ಡಬ್ಬಿ, ದಿಂಬು ಎರಡನ್ನೂ ಜಪ್ತಿ ಮಾಡಿ ಸೀಲು ಹಾಕಿದರು.

ಹೃದಯದ ಕ್ಲಿನಿಕ್ಕಿನ ಡಾಕ್ಟರಮ್ಮ ಡಬ್ಬಿಯ ಫೋಟೋ ನೋಡಿ, ವಾಸನೆಯ ವಿವರ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ವಿಂಟರ್‌ಗ್ರೀನ್ ಎಣ್ಣೆ ಇರಬೇಕು, ನೋವಿನ ಮುಲಾಮಿಗೆ ಹಾಕೋ ಗಿಡದೆಣ್ಣೆ. ಅದರಲ್ಲಿರೋದು ಆಸ್ಪಿರಿನ್ನಿನ ದಾಯಾದಿ. ಹೆಚ್ಚಾಗಿ ಹಚ್ಚಿದರೆ ಚರ್ಮದಿಂದ ಇಳಿದು ರಕ್ತ ಸೇರುತ್ತೆ. ಮೇಲೆ ಬಿಸಿನೀರಿನ ಚೀಲ ಇಟ್ಟರಂತೂ ಕೇಳೋದೇ ಬೇಡ. ಈ ಮಾತ್ರೆ ತಗೊಳ್ಳೋರಿಗೆ ಅದು ಆಗಲ್ಲ, ರಕ್ತ ಇನ್ನೂ ತೆಳುವಾಗಿ ನಂಬರ್ ಏರುತ್ತೆ."

"ನೀವು ಅವರನ್ನ ಕೇಳಿರಲಿಲ್ವಾ?"

"ಪ್ರತಿ ಸಲ ಕೇಳಿದೀನಿ. ಬೇರೆ ಏನಾದ್ರೂ ತಗೊಂಡ್ರಾ, ಮಾತ್ರೆ, ಕಷಾಯ, ಬೇರು, ನಾರು. ಇಲ್ಲ ಅಂತಿದ್ರು." ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಹಚ್ಚಿಕೊಂಡ್ರಾ ಅಂತ ಕೇಳಲಿಲ್ಲ. ಕೇಳಬೇಕಿತ್ತು."

"ಮುಲಾಮಿನಿಂದ ಹೀಗಾಗತ್ತೆ ಅಂತ ನಿಮ್ಮ ಲ್ಯಾಬಿನವನಿಗೆ ಗೊತ್ತಿತ್ತಾ?"

"ಗೊತ್ತಿಲ್ದೇ ಏನು? ಹೋದ ವರ್ಷ ಮಂಡಿ ನೋವಿನ ತಾತ ಒಬ್ಬರು ಘಮಘಮ ಅಂತ ಬಂದಿದ್ರು, ನಂಬರ್ ಏರಿತ್ತು. ಅವರಿಗೆ ನಾನು ಬೈದು ಹೇಳುವಾಗ ತಾತನ ತೋಳು ಹಿಡಿದು ನಿಂತಿದ್ದವನೇ ಅವನು."

ಅವನ ಹೆಸರು ಡಾಕ್ಟರಮ್ಮನಿಗೂ ತಟ್ಟನೆ ನೆನಪಾಗಲಿಲ್ಲ. ಸೂಜಿ ಚುಚ್ಚಿದರೆ ಇರುವೆ ಕಚ್ಚಿದಷ್ಟೂ ನೋಯುವುದಿಲ್ಲ ಎಂದು ರೋಗಿಗಳು ಇಟ್ಟ ಹೆಸರೇ ಉಳಿದುಬಿಟ್ಟಿತ್ತು.

ಶುಕ್ರವಾರ ಪ್ರಯೋಗಾಲಯದ ವರದಿ ಬಂತು. ಡಾಕ್ಟರಮ್ಮ ಹೇಳಿದ್ದೇ, ಅಂಗಡಿಯ ಮುಲಾಮುಗಳಿಗಿಂತ ಬಹಳ ಗಟ್ಟಿ. ಮಧ್ಯಾಹ್ನ ಮೂರಕ್ಕೆ ಇರುವೆ ಠಾಣೆಯ ಬೆಂಚಿನ ಮೇಲೆ ಕೂತಿದ್ದ. ನಲವತ್ತೈದರ ಸಣಕಲು ಆಳು, ಉಗುರು ನೀಟಾಗಿ ಕತ್ತರಿಸಿದ್ದ, ಅಂಗಿಯ ಒಂದು ಗುಂಡಿ ಮಾತ್ರ ಬೇರೆ ಬಣ್ಣದ್ದು. ಇನ್‌ಸ್ಪೆಕ್ಟರ್ ಮುಲಾಮು ಎಂಬ ಪದ ಆಡಿದ್ದೇ ತಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಇವನು ಬೆರಳು ಮೂಸಿಕೊಂಡ.

"ಯಾಕೆ ಕೊಟ್ಟೆ?"

"ಕತ್ತು ನೋವು ಅಂದ್ರು."

"ಡಾಕ್ಟ್ರಿಗೆ ಹೇಳಬೇಡಿ ಅಂದಿದ್ದೆಯಾ?"

"ಇಲ್ಲ ಸಾರ್."

"ಮತ್ತೆ?"

"ಅವರು ಕೇಳೋದು ತಗೊಂಡ್ರಾ ಅಂತ. ಇದು ತಗೊಳ್ಳೋದಲ್ಲ, ಹಚ್ಚೋದು. ಇಲ್ಲ ಅಂದ್ರೆ ಸುಳ್ಳಾಗಲ್ಲ ಅಂದೆ."

"ವಾಸನೆ?"

"ಬುಧವಾರ ಹಚ್ಚಬೇಡಿ, ಗುರುವಾರ ಸ್ನಾನ ಮಾಡಿ ಬನ್ನಿ ಅಂದೆ."

ಇಷ್ಟು ಸಾಕಿತ್ತು. ಆದರೂ ಇನ್‌ಸ್ಪೆಕ್ಟರ್ ಬಿಡಲಿಲ್ಲ. "ಅವರ ಮೇಲೆ ಏನು ಹಗೆ ನಿನಗೆ?"

ಇರುವೆ ತಲೆಯೆತ್ತಿದ. ಹಗೆ ಎಂಬ ಪದ ಅವನಿಗೆ ಅರ್ಥವಾದಂತೆ ಕಾಣಲಿಲ್ಲ.

"ನಂಬರ್ ಸರಿ ಬಂತು ಸಾರ್. ಡಾಕ್ಟ್ರು ಅವರಿಗೆ, ಭೇಷ್, ಇನ್ಮೇಲೆ ಮೂರು ತಿಂಗಳಿಗೊಂದು ಸಲ ಬಂದ್ರೆ ಸಾಕು ಅಂದ್ರು." ಅವನು ಮೂರು ಬೆರಳು ಎತ್ತಿ ತೋರಿಸಿದ. "ಮೂರು ತಿಂಗಳು."

ಗೋಡೆಯ ಫ್ಯಾನು ತಿರುಗುತ್ತಿತ್ತು. ರೇಡಿಯೋ ಪೆನ್ನು ಕೆಳಗಿಟ್ಟ.

"ಅವರು ಬಂದ್ರೆ ಐದು ನಿಮಿಷ ಕೂರ್ತಿದ್ರು. ಹತ್ತಿ ಒತ್ತಿ ಹಿಡಿದುಕೊಂಡು ಏನು ಹೊಲಿತಿದೀನಿ ಅಂತ ಹೇಳೋರು. ನನ್ನ ಅಂಗಿ ನೋಡಿ ಗುಂಡಿ ಹಾಕಿಸ್ಕೊಂಡಿದ್ದೆಲ್ಲಿ, ಬಣ್ಣ ಸೇರಲ್ಲ ಅಂತ ನಗೋರು. ಮನೇಲಿ ನನ್ನ ಅಂಗಿ ನೋಡೋರು ಯಾರಿದಾರೆ ಸಾರ್? ನಂಬರ್ ನಾಲ್ಕಾದ್ರೆ ಸಾಕು, ವಾರಕ್ಕೊಮ್ಮೆ ಬರಬೇಕು. ಡಾಕ್ಟ್ರು ಮಾತ್ರೆ ಇಳಿಸಿದ್ರೆ ಮುಲಾಮು ನಿಲ್ಲಿಸ್ತಿದ್ದೆ. ಏರಿಸಿದ್ರೆ ಮತ್ತೆ ಕೊಡ್ತಿದ್ದೆ. ಅಳೀತಿದ್ದವನು ನಾನೇ ಅಲ್ವಾ? ಕೈ ಮೀರಲ್ಲ ಅಂದ್ಕೊಂಡೆ."

"ಮೀರಿತಲ್ಲ."

"ಹೋದ ವಾರದ ಗುರುವಾರ ಲ್ಯಾಬಿನ ಮೆಷಿನ್ ಕೆಟ್ಟಿತ್ತು ಸಾರ್. ಅವರನ್ನ ಬಾಗಿಲಿಂದಲೇ ವಾಪಸ್ ಕಳಿಸಿದ್ರು. ನಾನು ಒಳಗಿದ್ದೆ, ನೋಡಲೇ ಇಲ್ಲ."

ಆ ವಾರ ಟೈಲರಕ್ಕನಿಗೆ ಕೋಟಿನ ಕೆಲಸ ಜಾಸ್ತಿ, ಕತ್ತು ನೋವು ಇನ್ನೂ ಜಾಸ್ತಿ. ಡಬ್ಬಿಯ ತಳ ಕಾಣುವಷ್ಟು ಹಚ್ಚಿ, ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡಿದ್ದಳೆಂದು ಅತ್ತಿಗೆ ಆಮೇಲೆ ಹೇಳಿದ್ದಳು. ಅಳೆಯುವವನಿಗೆ ಅದು ಗೊತ್ತಾಗಲಿಲ್ಲ.

ಸಂಜೆ ಐದೂ ನಲವತ್ತಕ್ಕೆ ದಸ್ತಗಿರಿ. ಅತ್ತಿಗೆಯ ಮೇಲಿನ ಅನುಮಾನ ಕೈಬಿಟ್ಟರು. ಕಾಗದಕ್ಕೆ ಸಹಿ ಹಾಕುವಾಗ ಇರುವೆ ಒಂದೇ ಪ್ರಶ್ನೆ ಕೇಳಿದ.

"ಕಣ್ಣು ಬಿಟ್ರಾ ಸಾರ್?"

"ನಿನ್ನೆ ಬಿಟ್ಟರು," ಇನ್‌ಸ್ಪೆಕ್ಟರ್ ಅಂದರು. ಅವನು ಗೋಡೆಗೆ ಮುಖ ಮಾಡಿ ಅತ್ತ.

ಇನ್‌ಸ್ಪೆಕ್ಟರ್‌ಗೆ ಸಿಟ್ಟು ಬರಬೇಕಿತ್ತು, ಬಂದೂ ಇತ್ತು. ಒಂದು ಜೀವದ ರಕ್ತವನ್ನು ಗಡಿಯಾರದ ಮುಳ್ಳಿನ ಹಾಗೆ ಹಿಂದೆ ಮುಂದೆ ತಿರುಗಿಸಿದವನು ಇವನು. ಆದರೆ ಅವರ ಹೆಂಡತಿ ದೂರದ ಊರಿನ ಶಾಲೆಯಲ್ಲಿ ಟೀಚರು. ಎರಡು ವರ್ಷದಲ್ಲಿ ಇನ್‌ಸ್ಪೆಕ್ಟರ್ ಹಲ್ಲುನೋವೆಂದು ರಜೆ ಬರೆದು ಆ ಊರಿನ ಬಸ್ಸು ಹತ್ತಿದ್ದು ಎಷ್ಟು ಸಲವೋ. ಹಲ್ಲುಗಳೆಲ್ಲ ಗಟ್ಟಿಯಾಗಿಯೇ ಇದ್ದವು. ನೆಪ ಹುಡುಕುವುದು ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವರ ನೆಪ ಅವರ ಹಲ್ಲಿನ ಮೇಲಿತ್ತು, ಇವನದು ಅವಳ ತಲೆಯ ಮೇಲೆ. ವ್ಯತ್ಯಾಸ ದೊಡ್ಡದು, ಅದನ್ನು ಅವರು ತಮಗೆ ತಾವೇ ಹಲವು ಸಲ ಹೇಳಿಕೊಂಡರು.

ಮುಂದಿನ ಬುಧವಾರ ಹನ್ನೊಂದಕ್ಕೆ ಹೇಳಿಕೆ ಪಡೆಯಲು ಡಾಕ್ಟರು ಅನುಮತಿ ಕೊಟ್ಟರು. ಟೈಲರಕ್ಕ ದಿಂಬಿಗೊರಗಿ, ಬಲಗೈಯಲ್ಲಿ ಸ್ಪಂಜಿನ ಚೆಂಡು ಹಿಸುಕುತ್ತಿದ್ದಳು. ಬೆರಳುಗಳು ಅರ್ಧ ಮಡಚುತ್ತಿದ್ದವು. ಅತ್ತಿಗೆ ಪಕ್ಕದಲ್ಲೇ ಕೂತಿದ್ದಳು. ದೂರು ಕೊಟ್ಟ ತಂಗಿ ಬಾಗಿಲ ಬಳಿ, ಒಳಗೆ ಬರಲೂ ಹೋಗಲೂ ಮುಖವಿಲ್ಲದೆ ನಿಂತಿದ್ದಳು. "ಬಾ ಇಲ್ಲಿ, ನಿಂತು ಕಾಲು ನೋಯಿಸ್ಕೋಬೇಡ," ಅಂತ ಅತ್ತಿಗೆಯೇ ಸ್ಟೂಲು ಎಳೆದಳು.

ಇನ್‌ಸ್ಪೆಕ್ಟರ್ ಮೆಲ್ಲಗೆ ಎಲ್ಲ ಹೇಳಿದರು. ಮುಲಾಮು, ನಂಬರು, ಯಾರು, ಯಾಕೆ. ಟೈಲರಕ್ಕ ಚೆಂಡು ಹಿಸುಕುವುದನ್ನು ನಿಲ್ಲಿಸಿದಳು. ಪ್ರಶ್ನೆಗಳಿಗೆ ಒಂದೊಂದೇ ಪದದಲ್ಲಿ ಉತ್ತರ ಕೊಟ್ಟಳು. ಹೌದು, ಅವನೇ ಕೊಟ್ಟದ್ದು. ಹೌದು, ಹಾಗೇ ಹೇಳಿದ್ದ. ರೇಡಿಯೋ ಬರೆದುಕೊಂಡ.

"ಇನ್ನೇನಾದ್ರೂ ಹೇಳೋದಿದೆಯಾ?" ಇನ್‌ಸ್ಪೆಕ್ಟರ್ ಎದ್ದರು.

ಅವಳು ಕಿಟಕಿ ಕಡೆ ತಿರುಗಿದಳು. ನಾಲಗೆ ಇನ್ನೂ ಸ್ವಲ್ಪ ತಡವರಿಸುತ್ತಿತ್ತು.

"ಗುರುವಾರಕ್ಕೆ ಅಂತ ನನಗೇ ನಾಲ್ಕು ಅಂಗಿ ಹೊಲ್ಕೊಂಡಿದ್ದೆ. ತೋಳಿಗೆ ಗುಂಡಿ ಇಟ್ಟು. ಬಿಚ್ಚಿ ಮೇಲೆತ್ತಿದ್ರೆ ಅವನಿಗೆ ನರ ಸುಲಭವಾಗಿ ಸಿಗಲಿ ಅಂತ." ಬಲಗೈ ಬೆರಳುಗಳನ್ನು ನೋಡಿಕೊಂಡಳು. "ಬಾ ಅಂತ ಒಂದ್ಮಾತು ಕೇಳಿದ್ರೆ ಬರ್ತಿದ್ದೆ. ನಂಬರ್ ಸರಿಯಿದ್ರೂ ಬರ್ತಿದ್ದೆ."

ಅತ್ತಿಗೆ ಆ ನಿಂತ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

ಹೊರಗೆ ಕಾರಿಡಾರಿನಲ್ಲಿ ರೇಡಿಯೋ ಪೆನ್ನು ಹಿಡಿದು ನಿಂತ. ಅಪರೂಪಕ್ಕೆ ಅವನ ದನಿ ತಗ್ಗಿತ್ತು. "ಸಾರ್, ಕೊನೇದು ಕೇಸಿಗೆ ಸಂಬಂಧ ಇಲ್ಲ. ಬರೀಬೇಕಾ?"

ಇನ್‌ಸ್ಪೆಕ್ಟರ್ ಯೋಚಿಸಿದರು. ದೋಷಾರೋಪಣೆ ಪಟ್ಟಿ ಸಲ್ಲಿಸಿದ ಮೇಲೆ ಸಾಕ್ಷಿಗಳ ಹೇಳಿಕೆಯ ಪ್ರತಿ ಆರೋಪಿಗೂ ಕೊಡಬೇಕು, ಅದು ಕಾನೂನು. ಜೈಲಿನಲ್ಲಿ ಕೂತು ಅವನು ಪ್ರತಿ ಸಾಲನ್ನೂ ಓದುತ್ತಾನೆ. ಅದು ಅವನಿಗೆ ಶಿಕ್ಷೆಯೋ ಸಮಾಧಾನವೋ, ಅವರಿಗೆ ತಿಳಿಯಲಿಲ್ಲ. ಆದರೆ ಆ ಮಾತು ಅವಳದು, ತಡೆಯಲು ತಾವು ಯಾರು?

"ಬರಿ," ಅಂದರು.

ರೇಡಿಯೋ ಗೋಡೆಗೆ ಕಾಗದ ಒತ್ತಿ, ಠಾಣೆಯ ಭಾಷೆಯಲ್ಲಿ ಬರೆದ: ಸದರಿ ಆರೋಪಿಯು ಕರೆದಿದ್ದಲ್ಲಿ, ರಕ್ತ ಪರೀಕ್ಷೆಯ ಅವಶ್ಯಕತೆ ಇಲ್ಲದಿದ್ದಾಗ್ಯೂ ತಾನು ಬರುತ್ತಿದ್ದುದಾಗಿ ಗಾಯಾಳುವು ತಿಳಿಸಿರುತ್ತಾರೆ.