ಸುಣ್ಣದ ಗೆರೆಯ ಮನೆ

"ರೀ! ಅಲ್ಲಿ ಕಾಲಿಡಬ್ಯಾಡ್ರಿ! ಭಟ್ಟಿಯೊಳಗ ಹೊಂಟೀರಿ!"

ಶೇಖರ ಎತ್ತಿದ ಕಾಲನ್ನು ಹಾಗೇ ಹಿಡಿದುಕೊಂಡ. ಸುತ್ತ ನೋಡಿದ. ಭಟ್ಟಿಯೂ ಇಲ್ಲ, ಬೆಂಕಿಯೂ ಇಲ್ಲ! ಚೆಂಬೂರಿನ ಬೋಳು ಬಯಲು, ನೆಲದ ಮೇಲೆ ಸುಣ್ಣದ ಗೆರೆಗಳು, ಅವುಗಳ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸುಣ್ಣದ ಡಬ್ಬಿ ಹಿಡಿದು ನಿಂತ ಹುಡುಗಿ.

"ಭಟ್ಟಿ ಕಾಣುದಿಲ್ಲಲ್ಲ ಮಾರಾಯ್ರೆ?"

"ಇನ್ನ ಕಟ್ಟಿಲ್ಲ, ಹೆಂಗ ಕಾಣ್ತೈತಿ?"

ಅವನಿಗೆ ನಗು ಬಂತು. ಅವಳಿಗೆ ಮೈ ಉರಿಯಿತು.

ಅದು ಐವತ್ತರ ದಶಕ, ಮುಂಬಯಿಯ ಟ್ರಾಂಬೆಯಲ್ಲಿ ಎಣ್ಣೆಯ ರಿಫೈನರಿ ಏಳುತ್ತಿದ್ದ ವರ್ಷ. ಎಲ್ಲಿ ನೋಡಿದರೂ ಕಾಲೊನಿಗಳ ಕೆಲಸ, ಇಟ್ಟಿಗೆ ಸಾಲುತ್ತಿರಲಿಲ್ಲ. ವಡಾಲದ ಚಾಳಿನಲ್ಲಿದ್ದುಕೊಂಡು ಲಾರಿಯಲ್ಲಿ ಮರಳು ಹೊಡೆಸುತ್ತಿದ್ದ ವಿಜಾಪುರದ ಸಿದ್ದರಾಮಪ್ಪ, ಇಟ್ಟಿಗೆಯನ್ನೂ ತಾನೇ ಮಾಡಿದರಾಯಿತು ಎಂದು ಹೊರಟಿದ್ದ. ಯಂತ್ರ ಮಾರಿದ ಫೋರ್ಟ್ ಪೇಟೆಯ ಕಂಪನಿ, ಯಾವುದು ಎಲ್ಲಿ ಕೂರಬೇಕೆಂದು ನಕ್ಷೆ ಬರೆಯಲು ಉಡುಪಿ ಕಡೆಯ ಶೇಖರನನ್ನು ಕಳಿಸಿತ್ತು. ಮಾಲೀಕನ ಮಗಳು ನೀಲಾವತಿ ಅದನ್ನೆಲ್ಲ ಆಗಲೇ ತೀರ್ಮಾನಿಸಿದ್ದಾಳೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ!

"ನಕ್ಷಿ ಆಮ್ಯಾಲ ಬರೀರಿ. ಮೊದಲ ಹಸಿ ಇಟ್ಟಂಗಿಯಾಗಿ ನಡೀರಿ," ಎಂದಳು.

"ಇಟ್ಟಿಗೆಯಾಗಿಯಾ?"

"ಹೂಂ. ಮಣ್ಣಿನ ಗುಂಡಿಯಿಂದ ಭಟ್ಟಿತನಕ. ಎಲ್ಲಿ ತಿರುವು ಹೆಚ್ಚೋ ಅಲ್ಲಿ ನೀವು ಮುರೀತೀರಿ."

ನಡೆದ. ಮಣ್ಣು ಕಲಸುವ ಯಂತ್ರದಿಂದ ಇಟ್ಟಿಗೆ ಒತ್ತುವ ಪ್ರೆಸ್ಸಿಗೆ, ಪ್ರೆಸ್ಸಿನಿಂದ ಒಣಗಿಸುವ ಅಂಗಳಕ್ಕೆ. ಒಂದು ಕಡೆ ನಿಂತು, "ಇಲ್ಲಿ ಮುರಿದೆ ನಾನು," ಎಂದ. ಅವಳು ಮೊದಲ ಸಲ ನಕ್ಕಳು. ಇಬ್ಬರೂ ಕೂಡಿ ಪ್ರೆಸ್ಸನ್ನು ಆಚೆಗೆ ಸರಿಸಿದರು. ಸುಣ್ಣದ ಪ್ರೆಸ್ಸು, ಸರಿಸಲು ಏನು ಕಷ್ಟ!

ಭಟ್ಟಿಯ ಪಕ್ಕದ ಮೂಲೆಯಲ್ಲಿ ಅವಳು ಎರಡು ಕೋಣೆಯ ಮನೆಯನ್ನೂ ಗೀಚಿದ್ದಳು. ಚಾಳು ಬಿಟ್ಟು ಅಪ್ಪ, ಮಗಳು ಅಲ್ಲಿಗೇ ಬರುವುದೆಂದು. ಅದನ್ನು ಅಳೆಯುವಾಗ ಶೇಖರ ಗೆರೆ ದಾಟಲಿಲ್ಲ. ಬಾಗಿಲೆಂದು ಬಿಟ್ಟ ಸಂದಿನ ಹೊರಗೆ ಚಪ್ಪಲಿ ಕಳಚಿ, ಬರಿಗಾಲಲ್ಲಿ ಒಳಗೆ ಬಂದ.

"ಅಡುಗೆಮನೆಗೆ ಕಿಟಕಿ ಯಾವ ಕಡೆ ಇಡುದು?"

ನೀಲಾವತಿ ಅವನ ಬರಿಗಾಲನ್ನೇ ನೋಡಿದಳು. 'ಇವರು ಇದೇ ಮನ್ಯಾಗ ದಿನಾ ಹಿಂಗ ಒಳಗ ಬಂದ್ರ...?' ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೆಂದರೆ ಇದೇ! ಆದರೆ ಅವಳು ಹೊಲಿದೇ ಬಿಟ್ಟಳು.

ಸಿದ್ದರಾಮಪ್ಪನಿಗೂ ಶೇಖರನಿಗೂ ಮಾತ್ರ ಎಣ್ಣೆ ಸೀಗೆಕಾಯಿ ಸಂಬಂಧ. ಇಟ್ಟಿಗೆ ಒಣಗಿಸಲು ಮೇಲೆ ಸೂರು, ಅವನ ಮಾತಿನಲ್ಲಿ ಮಾಡು, ಬೇಕೇ ಬೇಕೆಂದು ಶೇಖರನ ಹಟ. ಮಂಗಳೂರು ಹೆಂಚಿನ ಕಾರ್ಖಾನೆಗಳಲ್ಲಿ ಅವನು ಕಂಡದ್ದೇ ಅದು.

"ಬಿಸಲಿಗೆ ಮಾಡ ಕಟ್ಟತಾರೇನೋ ತಮ್ಮಾ? ಮಳಿ ಬಂದ್ರ ನಮ್ಮೂರಾಗ ಮಂದಿ ಕುಣೀತಾರ!"

"ನಮ್ಮೂರಲ್ಲಿ ಅದು ಬಂದ್ರೆ ಹೋಗುದೇ ಇಲ್ಲ, ಧಣಿಗಳೇ."

ಇಬ್ಬರೂ ತಮ್ಮ ತಮ್ಮ ಊರಿನ ಆಕಾಶವನ್ನೇ ಮುಂಬಯಿಗೂ ತಂದಿದ್ದರು. ಗೆದ್ದದ್ದು ಸಿದ್ದರಾಮಪ್ಪ. ಯಂತ್ರ ಕೂರುವ ಮುಂಚೆಯೇ ಅಚ್ಚಿನಲ್ಲಿ ಕೈಯಿಂದ ಹೊಡೆಸಿದ ಮೊದಲ ಇಟ್ಟಿಗೆಗಳನ್ನು ಬಯಲಲ್ಲೇ ಹರವಿಸಿದ. ಮುಂಗಾರಿನ ಮೊದಲ ಮಿರಗದ ಮಳೆ ಒಂದೇ ಮಧ್ಯಾಹ್ನ ಸುರಿದು, ಇಟ್ಟಿಗೆ ಹೋಗಿ ರಾಡಿ ಉಳಿಯಿತು. ಸುಣ್ಣದ ಗೆರೆಗಳೂ ತೊಳೆದುಹೋದವು. "ಮಾಡ ಹಾಕೋ ಮಾರಾಯಾ," ಎಂದು ಸಿದ್ದರಾಮಪ್ಪ ಕೈಚೆಲ್ಲಿದ.

ಅದೇ ವಾರ ಸೋದರತ್ತೆ ಅಂಬವ್ವ ಚಾಳಿಗೆ ಬಂದು ಸುದ್ದಿ ಹೇಳಿದಳು. "ನೀಲಾ, ವಿಜಾಪುರದಿಂದ ಗಂಡಿನವರು ನಿನ್ನ ನೋಡಾಕ ಬರೂ ಐತ್ವಾರ ಬರಾಕತ್ತಾರ. ನಿಮ್ಮಪ್ಪ ಹೂಂ ಅಂದಾನ."

ಮರುದಿನ ಬೆಳಗಾಗುತ್ತಲೇ ನೀಲಾವತಿ ಬಯಲಿಗೆ ಓಡಿದಳು. 'ಶೇಖರ ಒಂದ ಮಾತು ಆಡ್ಲಿ... ಒಂದ ಮಾತು!'

ಶೇಖರ ಮಾತಾಡಲಿಲ್ಲ. ಹೊಸ ನಕ್ಷೆ ತಂದು ಹರಡಿದ. ಭಟ್ಟಿಗೆ ಅಂಟಿಕೊಂಡೇ ಉದ್ದನೆಯ ಶೆಡ್ಡು, ಅದರ ಕಾವಿನಲ್ಲೇ ಇಟ್ಟಿಗೆ ಒಣಗಲಿ ಎಂದು. ಮೂಲೆಯಲ್ಲಿ ಮನೆ ಇರಲಿಲ್ಲ!

"ಮನಿ ಎಲ್ಲಿ?"

"ಶೆಡ್ಡಿಗೆ ಜಾಗ ಬೇಕಿತ್ತು," ಎಂದ, ಅವಳ ಮುಖ ನೋಡದೆ.

ಅಷ್ಟೇ! ಅಡುಗೆಮನೆಯ ಕಿಟಕಿ ಕೇಳಿದ ಮನುಷ್ಯ ಇಡೀ ಮನೆಯನ್ನೇ ರಬ್ಬರಿನಿಂದ ಅಳಿಸಿ ಕೂತಿದ್ದ. ಅವಳಿಗೆ ದುಃಖಕ್ಕಿಂತ ಹೆಚ್ಚು ಅವಮಾನವಾಯಿತು. ಮನೆಗೆ ಬಂದವಳೇ, "ಬರ್ಲಿ ವಿಜಾಪುರದವರು, ನಾ ಒಪ್ಪತೀನಿ," ಎಂದು ಅತ್ತೆಗೆ ಹೇಳಿಬಿಟ್ಟಳು. ಆಮೇಲೆ ಕೊಡ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಕೂತು ಅತ್ತಳು.

ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಈ ಇಬ್ಬರಿಗೆ ಬಂಗಾರ ತೀರಾ ಜಾಸ್ತಿಯಾಗಿತ್ತು.

ಶನಿವಾರ ಶೆಡ್ಡಿನ ಪಾಯಕ್ಕೆ ಗೂಟ ಹೊಡೆಯುವ ಕೆಲಸ. ಸಿದ್ದರಾಮಪ್ಪ ಗೇಟಿನ ಬಳಿ ಮೇಸ್ತ್ರಿ ಕೊರಗಪ್ಪನ ಜೊತೆ ವಾದಕ್ಕೆ ನಿಂತಿದ್ದ. ಶೇಖರ ಮೂಲೆಯಲ್ಲಿ ಒಬ್ಬನೇ ಹಗ್ಗ ಕಟ್ಟುತ್ತಿದ್ದ. ನೀಲಾವತಿ ಸರಸರ ನಡೆದುಬಂದಳು.

"ಒಂದ ಕೇಳ್ತೀನಿ. ನನ್ನ ಮನಿ ಅಳಸೂ ಮುಂದ ನನಗೊಂದ ಮಾತು ಕೇಳಬೇಕು ಅನಸಲಿಲ್ಲೇನು?"

ಅವನ ಕೈ ನಿಂತಿತು.

"ಕೇಳಿದೆ, ನಿಮ್ಮ ಅಪ್ಪನ ಹತ್ರ. 'ಮಗಳ ಮನೆ ಉಂಟಲ್ಲ ಅಲ್ಲಿ' ಅಂದೆ. 'ಆಕಿ ವಿಜಾಪುರಕ್ಕ ಸೊಸಿಯಾಗಿ ಹೊಂಟಾಳ, ನನಗ ಆಫೀಸದಾಗ ಒಂದು ಹಾಸಿಗಿ ಸಾಕು' ಅಂದ್ರು."

"ಅದಕ್ಕ ಅಳಿಸಿದ್ರಿ?"

"ನೀವು ಇಲ್ಲದ ಮನೆ ಬರೀಲಿಕ್ಕೆ ನನಗೆ ಕೈ ಬರ್ಲಿಲ್ಲ..."

ನೀಲಾವತಿಗೆ ಕಣ್ಣು ತುಂಬಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ನಾ ಹೋಗ್ತೀನಿ ಅಂತ ನಿಮಗ ಹೇಳಿದವರು ಯಾರು?"

"ನಿಮ್ಮ ಅಪ್ಪ."

"ನನ್ನ ಕೇಳಿದವರು ಯಾರು?"

ಅವಳೇ ಬೆರಳು ಮಡಿಸಿ ಎಣಿಸಿದಳು.

"ಯಾರೂ ಇಲ್ಲ! ಅಪ್ಪ ಕೇಳಲಿಲ್ಲ, ಅತ್ತಿ ಕೇಳಲಿಲ್ಲ. ನೀವೂ ಕೇಳಲಿಲ್ಲ! ಅದ ಸಿಟ್ಟಿಗೆ ನಾ ಹೂಂ ಅಂದೀನಿ. ನಾಳೆ ಬರ್ತಾರ ಅವರು."

ಶೇಖರ ಹಗ್ಗ ಕೆಳಗಿಟ್ಟ. ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ.

"ತಡ ಆಯ್ತು, ಗೊತ್ತುಂಟು. ನಮ್ಮದು ಮೀನು ತಿನ್ನುವ ಜಾತಿ, ನಿಮ್ಮದು ಲಿಂಗ ಕಟ್ಟುವ ಜಾತಿ, ಅದೂ ಗೊತ್ತುಂಟು. ಆದ್ರೂ ಕೇಳ್ತೇನೆ. ನನ್ನನ್ನು ಮದುವೆ ಆಗ್ತೀರಾ, ನೀಲಾವತಿ?"

ಅವಳು ಗೇಟಿನ ಕಡೆ ತಿರುಗಿ, ಇಡೀ ಬಯಲಿಗೆ ಕೇಳುವ ಹಾಗೆ ಕೂಗಿದಳು.

"ಅಪ್ಪಾ! ವಿಜಾಪುರದವರಿಗೆ ಬರಬ್ಯಾಡ್ರಿ ಅಂತ ಈಗಿಂದೀಗ ತಂತಿ ಕೊಡ್ರಿ!"

ಸಿದ್ದರಾಮಪ್ಪನ ವಾದ ಅರ್ಧಕ್ಕೇ ನಿಂತಿತು. ಅವನ ಕಣ್ಣು ಮಗಳ ಮೇಲೆ ಬಿತ್ತು, ಅಲ್ಲಿಂದ ಶೇಖರನ ಮೇಲೆ. ಧೋತರ ಎತ್ತಿ ಕಟ್ಟಿಕೊಂಡು ಇವರ ಕಡೆಗೇ ಹೊರಟ.

"ಬರ್ತಾ ಇದ್ದಾರೆ..." ಎಂದ ಶೇಖರ.

"ಬರ್ಲಿ. ಭಾಳ ಒದರತಾರ. ಅಂಜಿಕಿ ಆತೇನು?"

"ಆಯ್ತು."

"ನನಗೂ ಆಗೇತಿ," ಎಂದಳು ನೀಲಾವತಿ. ಹಗಲು ಹೊತ್ತಿನಲ್ಲಿ, ಅಪ್ಪನ ಕಣ್ಣೆದುರೇ ಅವನ ಕೈ ಹಿಡಿದುಕೊಂಡಳು. "ಬಿಡಬ್ಯಾಡ್ರಿ ಮತ್ತ."

"ಇಲ್ಲ, ಬಿಡುದಿಲ್ಲ," ಎಂದ ಶೇಖರ.